ಸಿಗಡಿಯ ಜೀವಕೋಶಕ್ಷೋಭೆಯೂ ರೋಗನಿರೋಧವೂ

ಸಂಕಟಕ್ಕೆ ಸಿಕ್ಕ ಜೀವಕೋಶವು ನಿತ್ಯದ ಕೆಲಸಗಳನ್ನು ತಗ್ಗಿಸಿ, ಅದುವರೆಗೆ ಸುಮ್ಮನಿದ್ದ ಕೆಲವು ಜೀನುಗಳನ್ನು ಎಬ್ಬಿಸುವುದೆಂಬ ಸಂಗತಿ ಆಕಸ್ಮಿಕವಾಗಿ ತಿಳಿದುಬಂದಿತು. ಇಟಲಿಯ ನೇಪಲ್ಸಿನಲ್ಲಿ ಫೆರೂಚಿಯೊ ರಿಟೋಸ್ಸಾ ಎಂಬ ವಿದ್ವಾಂಸರು ಹಣ್ಣುನೊಣದ ಮರಿಹುಳುಗಳನ್ನು ಪರೀಕ್ಷಿಸುತ್ತಿದ್ದಾಗ, ಯಾರೋ ಶಾಖಪೆಟ್ಟಿಗೆಯ ಉಷ್ಣತೆಯನ್ನು ಏರಿಸಿಬಿಟ್ಟಿದ್ದರು. ಹುಳುಗಳ ಲಾಲಾಗ್ರಂಥಿಯ ವರ್ಣತಂತುಗಳಲ್ಲಿ ಹೊಸ ಉಬ್ಬುಗಳು ಕಂಡುಬಂದುವು. ಉಬ್ಬಿದೆಡೆಯಲ್ಲಿ ಜೀನು ಎಚ್ಚತ್ತಿದೆಯೆಂದು ಅರ್ಥ. ಇದು 1962ರಲ್ಲಿ ಪ್ರಕಟವಾಯಿತು. ಆ ಜೀನುಗಳಿಂದ ಹುಟ್ಟುವ ಪ್ರೋಟೀನುಗಳು 1974ರಲ್ಲಿ ಗೊತ್ತಾದುವು. ‘ಶಾಖಾಘಾತದ ಪ್ರೋಟೀನು’ ಎಂದು ಅವಕ್ಕೆ ಇಟ್ಟ ಹೆಸರು ಅಷ್ಟು ಸಮರ್ಪಕವಾದುದಲ್ಲ. ಶಾಖದಿಂದ ಮಾತ್ರವೇ ಅಲ್ಲದೆ ವಿಷದಿಂದಲೂ ಅವು ಹುಟ್ಟುವುವು.

ಈ ವಿಚಾರವು ಸಿಗಡಿಯ ಕಡೆಗೆ ತಿರುಗಿದುದಕ್ಕೆ ಒಂದು ಮಾರಿಯು ಮುಖ್ಯ ಕಾರಣ. 1990ರ ದಶಕದ ಮೊದಲ ವರ್ಷಗಳಲ್ಲಿ ಪೂರ್ವ ಏಷ್ಯದ ಸಿಗಡಿಕೊಳಗಳಲ್ಲಿ ಕಾಣಿಸಿಕೊಂಡ ಬಿಳಿಚುಕ್ಕೆ ವೈರಸ್ಸು 1994ರ ವೇಳೆಗೆ ಭಾರತದ ಪೂರ್ವತೀರವನ್ನೂ ಮುಟ್ಟಿತು. ಅದು ಹೊಕ್ಕ ಕೊಳದಲ್ಲಿ ಹತ್ತು ದಿನಗಳೊಳಗೆ ಬೆಳೆಯೆಲ್ಲ ಹಾಳಾಗುವುದುಂಟು. ಸಿಗಡಿಗೆ ಪ್ರತಿಕಾಯಗಳಿಲ್ಲ, ಹುಟ್ಟಿನಿಂದ ಬಂದ ರಕ್ಷಣೆಯೇ ಅದಕ್ಕೆ ಗತಿ.

ಆಶೆ ಕಂಡುದು ಮತ್ತೆ ಶಾಖದಲ್ಲಿಯೇ. ನೀರನ್ನು ಸುಮಾರು 32 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಇರಿಸಿದರೆ, ಸೋಂಕು ತಗುಲಿದ ಬಿಳಿಕಾಲು ಸಿಗಡಿಗಳು ಬಹುಮಟ್ಟಿಗೆ ಬದುಕುವುವೆಂದು 2001ರಿಂದೀಚಿನ ಪ್ರಯೋಗಗಳು ತೋರಿಸಿದುವು. ಆದರೆ ನೀರು ತಣ್ಣಗಾದೊಡನೆ ಸಾವು ಮರಳುವುದು. ವೈರಸ್ಸು ಅಡಗಿತ್ತೇ ಹೊರತು ಅಳಿದಿರಲಿಲ್ಲ.

ಇಷ್ಟರಿಂದ ಕ್ಷೋಭೆಯ ಪ್ರತಿಕ್ರಿಯೆಯೆಲ್ಲವೂ ಸಿಗಡಿಯ ಪಕ್ಷದಲ್ಲಿಯೇ ಇದೆಯೆಂದು ತಿಳಿಯುವುದು ಅವಸರದ ಮಾತು. ಕೋಶದೊಳಗೆ ಪ್ರೋಟೀನುಗಳು ಸರಿಯಾಗಿ ಮಡಿಕೆಗೊಳ್ಳದೆ ರಾಶಿಬಿದ್ದಾಗ ಏಳುವ ಕ್ಷೋಭೆ ಬೇರೊಂದುಂಟು. ಅದರ ಸುದ್ದಿಯನ್ನು ಜೀನುಗಳವರೆಗೆ ಮುಟ್ಟಿಸುವ ಪ್ರೋಟೀನನ್ನು ಜಪಾನಿನ ಮೋರಿಯವರೂ ಅಮೆರಿಕದ ವಾಲ್ಟರರೂ 1993ರಲ್ಲಿ ಯೀಸ್ಟಿನಲ್ಲಿ ಗುರುತಿಸಿದರು. ವೈರಸ್ಸು ತನ್ನ ಪ್ರೋಟೀನುಗಳನ್ನು ಸಿಗಡಿಯ ಕೋಶದಲ್ಲಿ ತಯಾರಿಸಿಕೊಳ್ಳುವಾಗಲೂ ಇದೇ ಕ್ಷೋಭೆ ಏಳುವುದು. ಆಗ ಎಚ್ಚರಗೊಳ್ಳುವ ಎಕ್ಸ್‌ಬಿಪಿ-1 ಎಂಬ ಜೀನನ್ನು ಚೀನದ ಸಂಶೋಧಕರು 2012ರಲ್ಲಿ ಅಡಗಿಸಿ ನೋಡಿದರು. ಸಾವು ಹೆಚ್ಚಲಿಲ್ಲ, ಕಡಮೆಯಾಯಿತು! ಸಿಗಡಿಯ ಆ ಪ್ರೋಟೀನೇ ವೈರಸ್ಸಿನ ಕೆಲವು ಜೀನುಗಳನ್ನೂ ಚುರುಕುಗೊಳಿಸುವುದೆಂದು ಮರುವರ್ಷ ವಿದಿತವಾಯಿತು. ಮನೆಯ ಕಾವಲುಗಾರನನ್ನೇ ಕಳ್ಳನು ಕೂಲಿಗೆ ಹಿಡಿದಂತಾಯಿತು.

ಆದರೆ ಜೀನನ್ನು ಅಡಗಿಸಿದುದು ಒಂದೊಂದು ಸಿಗಡಿಗೂ ದ್ವಿಸೂತ್ರ ಆರ್‌ಎನ್‌ಎಯನ್ನು ಸೂಜಿಯಿಂದ ಚುಚ್ಚಿ. ಕೊಳವೊಂದರಲ್ಲಿ ಲಕ್ಷಗಟ್ಟಲೆ ಮರಿ ಬಿಟ್ಟ ಕೃಷಿಕನಿಗೆ ಆ ಉಪಾಯ ಒದಗತಕ್ಕದ್ದಲ್ಲ.