ಸುಣ್ಣ, ಹುರಮಂಜು, ಟಿವಿ: ಕುಕನೂರಿನ ಗೋಡೆಗಳ ಕಥೆ

ನಮ್ಮ ಕಡೆಗೆ ಟಿವಿ ಬಂದದ್ದೇ ಪಾಠ ಹೇಳಲಿಕ್ಕೆ. 1975ರ ಆಗಸ್ಟ್ 1ರಿಂದ ಒಂದು ವರ್ಷ, ಅಮೆರಿಕದ ಎಟಿಎಸ್-6 ಉಪಗ್ರಹದ ನೆರವಿನಿಂದ ಇಸ್ರೋ 'ಸೈಟ್' ಎಂಬ ಪ್ರಯೋಗ ನಡೆಸಿತು. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿವಿ ಪೆಟ್ಟಿಗೆ ಬಂದವು. ಕರ್ನಾಟಕದಲ್ಲಿ ಆ ಭಾಗ್ಯ ಗುಲ್ಬರ್ಗ, ಬಿಜಾಪುರ, ರಾಯಚೂರು ಜಿಲ್ಲೆಗಳ ಹಳ್ಳಿಗಳದು. ಕುಕನೂರು ಆಗ ರಾಯಚೂರು ಜಿಲ್ಲೆಯ ಯಲಬುರ್ಗಾ ತಾಲೂಕಿನ ಊರು. ಕೊಪ್ಪಳ ಜಿಲ್ಲೆಯಾದದ್ದು 1997ರಲ್ಲಿ. ಬೇಸಾಯ, ಆರೋಗ್ಯ, ಕುಟುಂಬ ಯೋಜನೆ, ಶಾಲೆ ಮಕ್ಕಳಿಗೆ ವಿಜ್ಞಾನ: ಹೇಳಿದ್ದೆಲ್ಲ ಬೇಕಾದದ್ದೇ. ಆದರೆ ಪೆಟ್ಟಿಗೆಯೊಳಗಿನವರಿಗೆ ಗೊತ್ತು, ಎದುರು ಕೂತವರು ಕಲಿಯಬೇಕು ಎಂಬ ರೂಢಿಯೂ ಅದರ ಜೊತೆಗೇ ಬಂತು. ಬೆಳೆಯ ವಿಷಯದಲ್ಲಿ ಅದನ್ನು ಒಪ್ಪಬಹುದು. ಮನೆಯ ಗೋಡೆಯ ವಿಷಯದಲ್ಲಿ ನಾನು ಒಪ್ಪಲಾರೆ.

ಗೋಡೆಯ ಕಲೆ ನಮ್ಮ ಹೆಣ್ಣುಮಕ್ಕಳಿಗೆ ಯಾರೂ ಕಲಿಸಿಕೊಟ್ಟದ್ದಲ್ಲ. ನಾನು ಶಾಲೆಯಲ್ಲಿ ಪಾಠ ಹೇಳಿ ನಿವೃತ್ತಳಾದವಳು. ಸುಣ್ಣ ಹಚ್ಚುವುದನ್ನು ಮಾತ್ರ ಮದುವೆಯಾಗಿ ಕುಕನೂರಿಗೆ ಬಂದ ಮೇಲೆ ಅತ್ತಿಯಿಂದ ಕಲಿತೆ. ನಮ್ಮದು ಮಣ್ಣಿನ ಮಾಳಿಗೆ ಮನೆ. ಪಡಸಾಲೆ, ಜಂತಿ, ಮೇಲೊಂದು ಬೆಳಕಿಂಡಿ, ಗೋಡೆ ತುಂಬ ಮಾಡಗಳು. ನವರಾತ್ರಿಗೆ ಮಹಾಮಾಯಿ ಗುಡಿಗೆ ಜನ ಸೇರುವ ಮೊದಲೇ ಓಣಿಯ ಮನೆಗಳಿಗೆಲ್ಲ ಸುಣ್ಣ ಆಗಬೇಕು. ಹಿಂದಿನ ದಿನ ಸುಣ್ಣದ ಹರಳನ್ನು ಗಡಿಗೆಯಲ್ಲಿ ಹಾಕಿ ನೀರು ಸುರಿದರೆ ಅದು ಕೊತಕೊತ ಕುದಿಯುತ್ತಿತ್ತು. ಮಕ್ಕಳನ್ನು ಹತ್ತಿರ ಬಿಡುತ್ತಿರಲಿಲ್ಲ. ಮರುದಿನ ಸೋಸಿ, ಚಿಟಿಕೆ ನೀಲಿ ಬೆರೆಸಿ, ಪುಂಡಿ ನಾರಿನ ಕುಂಚದಿಂದ ಎರಡು ಸಲ ಬಳಿಯುವುದು. ಒಣಗಿದ ಮೇಲೆ ಗೋಡೆಯ ಬುಡಕ್ಕೆ ಹುರಮಂಜಿನ ಕಾರಣಿ.

ಆ ಕಾರಣಿ ಎಷ್ಟು ಎತ್ತರ ಇರಬೇಕು ಎಂಬುದಕ್ಕೆ ಊರಲ್ಲಿ ಒಂದೇ ಕಾನೂನು ಇರಲಿಲ್ಲ. "ಮೊಣಕಾಲ ಮಟ ಸಾಕವಾ, ಮ್ಯಾಲೆ ಹೋದ್ರ ಮನಿ ಗಿಡ್ಡ ಕಾಣ್ತೈತಿ" ಎನ್ನುತ್ತಿದ್ದರು ನಮ್ಮ ಅತ್ತಿ. ಎದುರು ಮನೆಯಾಕೆಯದು ಟೊಂಕದ ಮಟ. ಆಕೆಯ ಮನೆ ತುಂಬ ಸಣ್ಣ ಮಕ್ಕಳು, ಕೈ ಹಚ್ಚಿದ ಹೊಲಸು ಕೆಂಪಿನಲ್ಲಿ ಕಾಣುವುದಿಲ್ಲ ಎಂಬ ಲೆಕ್ಕ. ಇಬ್ಬರೂ ಬೆಳಗಾದರೆ ಒಬ್ಬರ ಗೋಡೆ ಒಬ್ಬರು ನೋಡುತ್ತಿದ್ದರು. ನಿಂದು ತಪ್ಪು ಎಂದು ಒಬ್ಬರೂ ಅಂದದ್ದು ನನ್ನ ಕಿವಿಗೆ ಬೀಳಲಿಲ್ಲ. ಬಾಗಿಲ ಎಡಬಲಕ್ಕೆ ಒಬ್ಬರು ನವಿಲು ಬರೆದರೆ ಇನ್ನೊಬ್ಬರು ತೇರು, ಮತ್ತೊಬ್ಬರು ಬರೀ ಚುಕ್ಕಿ ಇಡುತ್ತಿದ್ದರು. ಎತ್ತರ, ಬೆಳಕು, ಮಕ್ಕಳ ಕೈ ಎಲ್ಲವನ್ನೂ ಅಳೆದು ತೂಗಿ ಮಾಡಿದ ಆ ಕೆಲಸವನ್ನು ವಿನ್ಯಾಸ ಎಂದು ಕರೆಯಲು ನನಗೆ ಯಾವ ಸಂಕೋಚವೂ ಇಲ್ಲ.

ಉಳ್ಳವರು ಕೊಪ್ಪಳದ ಹತ್ತಿರದ ಕಿನ್ನಾಳಕ್ಕೆ ಹೋಗುತ್ತಿದ್ದರು. ಅಲ್ಲಿಯ ಚಿತ್ರಗಾರರ ಪೂರ್ವಜರು ವಿಜಯನಗರದ ಕಾಲದವರು, ಹಂಪಿಯ ವಿರೂಪಾಕ್ಷ ಗುಡಿಯ ಚಿತ್ರಗಳಲ್ಲಿ ಅವರ ಕೈ ಇದೆ ಎಂಬ ಮಾತಿದೆ. ಹಗುರ ಕಟ್ಟಿಗೆಯ ಮೇಲೆ ಹುಣಸೆ ಬೀಜದ ಅಂಟು, ನೆನೆಸಿದ ಬಟ್ಟೆ, ಕಟ್ಟಿಗೆ ಪುಡಿ ಸೇರಿಸಿದ 'ಕಿಟ್ಟ' ಮೆತ್ತಿ, ಬಿಳಿ ಹಚ್ಚಿ, ಆಮೇಲೆ ಬಣ್ಣ. ತೊಟ್ಟಿಲು, ಮಣೆ, ಗೌರಿ, ಗರುಡ ಎಲ್ಲ ಅವರಲ್ಲಿ ಸಿಗುತ್ತಿದ್ದವು. ಚಿತ್ರಗಾರ ಅವರು, ಕಲೆ ಅವರದು. ಆದರೂ ತೊಟ್ಟಿಲಿಗೆ ಗಿಳಿ ಬೇಕೋ ಹೂವು ಬೇಕೋ ಎಂಬುದು ಮಾಡಿಸುವವರ ಮಾತು. ಇಂದಿಗೂ ಕಿನ್ನಾಳದಲ್ಲಿ ಆ ಕಸುಬು ಇದೆ.

ಮನೆ ಬದಲಾಯಿಸುವ ಟಿವಿ ಕಾರ್ಯಕ್ರಮಗಳು ಈ ಕೇಳುವ ಪದ್ಧತಿಯನ್ನೇ ತೆಗೆದುಹಾಕಿದವು. ಬ್ರಿಟನ್ನಿನ ಬಿಬಿಸಿ 1996ರಲ್ಲಿ 'ಚೇಂಜಿಂಗ್ ರೂಮ್ಸ್' ಶುರು ಮಾಡಿತು. ನೆರೆಯವರು ಎರಡು ದಿನ ಮನೆ ಅದಲುಬದಲು ಮಾಡಿಕೊಂಡು, ವಿನ್ಯಾಸಕಾರರ ಜೊತೆ ಸೇರಿ ಒಬ್ಬರ ಕೋಣೆಯನ್ನು ಇನ್ನೊಬ್ಬರು ಬದಲಾಯಿಸುವುದು; ಯಜಮಾನರು ಕೊನೆಯವರೆಗೂ ನೋಡುವಂತಿಲ್ಲ. ಅದರದೇ ಅಮೆರಿಕದ ರೂಪ 'ಟ್ರೇಡಿಂಗ್ ಸ್ಪೇಸಸ್' 2000ದಲ್ಲಿ ಬಂತು. ಅಲ್ಲೊಬ್ಬ ವಿನ್ಯಾಸಕಿ ಯಾರದೋ ಗೋಡೆಗೆ ಒಣಹುಲ್ಲು ಅಂಟಿಸಿದಳು. ಬ್ರಿಟನ್ನಿನಲ್ಲಿ ಒಬ್ಬಾಕೆ ಕೂಡಿಟ್ಟಿದ್ದ ಹಳೆಯ ಚಹಾ ಕುಡಿಕೆಗಳನ್ನು ತೂಗು ಹಲಗೆಯ ಮೇಲೆ ಜೋಡಿಸಿದರು. ಹಲಗೆ ಕಳಚಿ ಬಿದ್ದು ಕುಡಿಕೆಗಳು ಒಡೆದವು. ಮನೆಯಾಕೆ ಅಳುವುದು, ಬೆರಗಾಗುವುದು ಎಲ್ಲ ನೋಡುಗರ ಪಾಲಿಗೆ ಆಟವಾಯಿತು. ಪರರ ಮನೆಯನ್ನು ಹೀಗೆ ಆಟಕ್ಕಿಡುವುದು ನನಗೆ ಸರಿ ಕಾಣುವುದಿಲ್ಲ.

ಹೊಸ ಬಣ್ಣದ ಮೇಲೆ ನನಗೆ ಸಿಟ್ಟಿಲ್ಲ. ಸುಣ್ಣ ಕೈ ಸುಡುತ್ತಿತ್ತು, ಉಗುರಿನ ಸಂದು ಒಡೆಯುತ್ತಿತ್ತು. ಡಿಸ್ಟೆಂಪರ್ ಬಂದು ಹೆಂಗಸರ ಕೈ ಉಳಿಯಿತು. ಸಿಮೆಂಟ್ ಮನೆ ಮಳೆಗಾಲದ ಸೋರುವಿಕೆ ತಪ್ಪಿಸಿತು. ನನ್ನ ನೋವು ಬೇರೆ. ನಮ್ಮ ಬೀಗರ ಮನೆಯನ್ನು ಹೊಸದು ಮಾಡಲು ಪಟ್ಟಣದಿಂದ ಬಂದವರು ಪಡಸಾಲೆಯ ಮಾಡಗಳನ್ನೆಲ್ಲ ಮುಚ್ಚಿ, ಪಿಒಪಿ ಮಾಡಿ, ಟಿವಿಗೆ ಗೋಡೆಯಗಲ ಹಲಗೆ ಹೊಡೆದರು. ಮಕ್ಕಳು ಫೋನಿನಲ್ಲಿ ಒಪ್ಪಿಗೆ ಕೊಟ್ಟಿದ್ದರು. ಆ ಮನೆಯಲ್ಲಿ ದಿನವಿಡೀ ಇರುವ ಹಿರಿಯಾಕೆಯನ್ನು ಯಾರೂ ಕೇಳಿರಲಿಲ್ಲ. "ಚಂದ ಆಗೇತಿ ಬಿಡವಾ. ನನ್ನ ಎಲಿ ಅಡಿಕಿ ಚಂಚಿ ಎಲ್ಲಿಡ್ಲಿ?" ಎಂದರು ನನ್ನ ಹತ್ತಿರ. ದೀಪ, ಚಂಚಿ, ಕನ್ನಡಕ, ಸತ್ತ ಗಂಡನ ಫೋಟೋ ಎಲ್ಲದಕ್ಕೂ ಆ ಗೋಡೆಯಲ್ಲಿ ಅವರೇ ಗೊತ್ತು ಮಾಡಿದ ಜಾಗಗಳಿದ್ದವು.

ಕುಕನೂರು, ಯಲಬುರ್ಗಾ, ಕುಷ್ಟಗಿ ಕಡೆ ಮನೆಗಳ ವಿನ್ಯಾಸ ಮಾಡುವ ತಮ್ಮಂದಿರಿಗೆ, ತಂಗಿಯರಿಗೆ ನನ್ನದೊಂದು ಕೋರಿಕೆ. ಸುತ್ತಿಗೆ ಎತ್ತುವ ಮೊದಲು ಮನೆಯ ಹಿರಿಯ ಹೆಣ್ಣುಮಗಳ ಜೊತೆ ಒಂದೊಂದೇ ಕೋಣೆ ತಿರುಗಿರಿ. ಯಾವ ಮಾಡದಲ್ಲಿ ಏನಿಡುತ್ತಾರೆ ಕೇಳಿ ಬರೆದುಕೊಳ್ಳಿರಿ. ಅವರು ಬೇಡ ಅಂದದ್ದನ್ನು ಮಾಡಬೇಡಿರಿ.