ಹೈದರನ ಬಳಿಗೆ ಬಂದ ದಂಡಿನ ಪಾದ್ರಿ

ಮೈಸೂರಿನವರಾದ ನಮಗೆ ಶ್ರೀರಂಗಪಟ್ಟಣ ಅಂದ್ರೆ ಯುದ್ಧದ ಊರು. ಹೊರಗಿನಿಂದ ಸ್ನೇಹಿತರು ಬಂದ್ರೆ ದರಿಯಾ ದೌಲತ್‌ಗೆ ಕರ್ಕೊಂಡು ಹೋಗಿ ಪೊಳ್ಳಿಲೂರು ಕದನದ ಚಿತ್ರ ತೋರಿಸ್ತೀವಿ. 1780ರ ಸೆಪ್ಟೆಂಬರ್‌ನಲ್ಲಿ ಹೈದರ್ ಮತ್ತು ಟಿಪ್ಪು ಸೇರಿ ಕರ್ನಲ್ ಬೇಲಿಯ ಪಡೆಯನ್ನು ಪುಡಿಮಾಡಿದ ಕದನ ಅದು. ಅದಕ್ಕೆ ಒಂದು ವರ್ಷ ಮೊದಲು, ಆ ಯುದ್ಧ ನಡೆಯದಿರಲಿ ಅಂತ ಒಬ್ಬ ಪಾದ್ರಿ ಇದೇ ಊರಿಗೆ ಬಂದಿದ್ದ. ನನ್ನನ್ನು ಹೆಚ್ಚು ಕಾಡೋದು ಅವನ ಕಥೆ.

ಕ್ರಿಶ್ಚಿಯನ್ ಫ್ರೆಡ್ರಿಕ್ ಶ್ವಾರ್ಟ್ಸ್ ಹುಟ್ಟಿದ್ದು 1726ರಲ್ಲಿ, ಪ್ರಷ್ಯಾದಲ್ಲಿ. 1750ರಲ್ಲಿ ಡೇನರ ಕೈಲಿದ್ದ ತರಂಗಂಬಾಡಿಗೆ ಬಂದಿಳಿದು ತಮಿಳು, ಹಿಂದೂಸ್ತಾನಿ, ಮರಾಠಿ ಎಲ್ಲ ಕಲಿತ. ತಿರುಚಿರಾಪಳ್ಳಿಯಲ್ಲಿ ಮದ್ದಿನಮನೆ ಸಿಡಿದು ಸೈನಿಕರು ಸತ್ತಾಗ ಅವರ ಮಕ್ಕಳಿಗೆ ಶಾಲೆ ತೆರೆದ. 1764ರ ಮಧುರೆ ಮುತ್ತಿಗೆಯಲ್ಲಿ ಗಾಯಾಳುಗಳ ಆರೈಕೆ ಮಾಡಿದ. ಆಮೇಲೆ ಈಸ್ಟ್ ಇಂಡಿಯಾ ಕಂಪನಿ ಅವನನ್ನು ಅಲ್ಲಿನ ದಂಡಿನ ಪಾದ್ರಿಯಾಗಿ ನೇಮಿಸಿತು. ಸಂಬಳ ವರ್ಷಕ್ಕೆ 100 ಪೌಂಡ್.

1779ರ ಹೊತ್ತಿಗೆ ಹೈದರ್ ಕೆರಳಿದ್ದ. ಕಾರಣ ಇತ್ತು. ಕಷ್ಟಕ್ಕೆ ಒಬ್ಬರಿಗೊಬ್ಬರು ಆಗೋಣ ಅಂತ 1769ರಲ್ಲಿ ಒಪ್ಪಂದ ಮಾಡ್ಕೊಂಡ ಕಂಪನಿ, ಮರಾಠರು ಮೈಸೂರಿನ ಮೇಲೆ ಬಿದ್ದಾಗ ಕೈಕಟ್ಟಿ ಕೂತಿತ್ತು. ಈಗ ಹೈದರನಿಗೆ ಫ್ರೆಂಚರಿಂದ ಮದ್ದುಗುಂಡು ಬರುತ್ತಿದ್ದ ಮಾಹೆ ಬಂದರನ್ನೂ ಹಿಡಿದಿತ್ತು. ಅವನ ಮನಸ್ಸಲ್ಲಿ ಏನಿದೆ ಅಂತ ತಿಳಿಯೋಕೆ, ಸಾಧ್ಯವಾದರೆ ಸಮಾಧಾನ ಮಾಡೋಕೆ ಮದ್ರಾಸಿನ ಗವರ್ನರ್ ರಂಬೋಲ್ಡ್ ಆರಿಸಿದ್ದು ಈ ಪಾದ್ರಿಯನ್ನ. ಇವನು ಮೋಸ ಮಾಡಲ್ಲ ಅನ್ನೋ ನಂಬಿಕೆ ಹೈದರನಿಗೂ ಇತ್ತಂತೆ.

ರಕ್ತಪಾತ ತಪ್ಪಿದರೆ ಸಾಕು ಅಂತ ಶ್ವಾರ್ಟ್ಸ್ ಒಪ್ಪಿದ. ಆಗಸ್ಟ್‌ನಲ್ಲಿ ಶ್ರೀರಂಗಪಟ್ಟಣ ತಲುಪಿದಾಗ ಹೈದರ್ ಪಕ್ಕದಲ್ಲೇ ಕೂರಿಸಿಕೊಂಡು ಮಾತಾಡಿದ. ಕಂಪನಿ ಮುರಿದ ಮಾತುಗಳನ್ನು ಒಂದೊಂದಾಗಿ ಲೆಕ್ಕ ಹಾಕಿ ಹೇಳಿದ. ಬಿಡುವಿದ್ದಾಗ ಪಾದ್ರಿ ಹೈದರನ ಚಾಕರಿಯಲ್ಲಿದ್ದ ಯೂರೋಪಿನ ಸೈನಿಕರಿಗೆ ಪ್ರಾರ್ಥನೆ ನಡೆಸಿದ.

ಆಫೀಸಲ್ಲಿ ನೀವೂ ನೋಡಿರ್ತೀರಿ. ಕಸ್ಟಮರ್ ರೇಗಿದಾಗ ಟೀಮಲ್ಲಿ ಒಳ್ಳೆ ಹೆಸರಿರೋ ಒಬ್ಬರನ್ನು ಮುಂದೆ ತಳ್ತಾರೆ. ಮಾತು ಕೊಡೋರು ಅವರು, ಅದನ್ನು ಉಳಿಸೋ ಅಧಿಕಾರ ಮಾತ್ರ ಬೇರೆಯವರ ಕೈಲಿ. ಶ್ವಾರ್ಟ್ಸ್‌ಗೂ ಆಗಿದ್ದು ಅದೇ. ಆತ ಶಾಂತಿಯ ಮಾತು ಹೊತ್ತು ಬಂದ ಅದೇ ವರ್ಷ, ಹೈದರನ ವಶದಲ್ಲಿದ್ದ ಕಡಪ ಸೀಮೆಯ ಮೂಲಕ ಕಂಪನಿ ತನ್ನ ಪಡೆ ನಡೆಸಲು ಹೊರಟಿತ್ತು!

ಹೊರಡುವಾಗ ಹೈದರ್ ದಾರಿ ಖರ್ಚಿಗೆ ಅಂತ 300 ರೂಪಾಯಿ ಚೀಲ ಕೊಟ್ಟ. ಶ್ವಾರ್ಟ್ಸ್ ಅದನ್ನು ಮದ್ರಾಸ್ ಸರ್ಕಾರಕ್ಕೆ ಒಪ್ಪಿಸಿದ. ನೀನೇ ಇಟ್ಕೋ ಅಂದಾಗ ತಂಜಾವೂರಲ್ಲಿ ಅನಾಥ ಮಕ್ಕಳ ಶಾಲೆಗೆ ಹಾಕಿದ.

1780ರ ಜುಲೈನಲ್ಲಿ ಹೈದರ್ ಕರ್ನಾಟಿಕ್ ಮೇಲೆ ನುಗ್ಗಿದ. ಊರಿಗೆ ಊರೇ ಉರಿಯುತ್ತಿದ್ದಾಗಲೂ ಈ ಪಾದ್ರಿಯನ್ನು ಯಾರೂ ಮುಟ್ಟಬೇಡಿ, ಎಲ್ಲಿ ಬೇಕಾದ್ರೂ ಓಡಾಡಲಿ ಅಂತ ತನ್ನ ಸರದಾರರಿಗೆ ಹೇಳಿಟ್ಟಿದ್ದ. ಕಂಪನಿಯನ್ನು ನಂಬದವನು ಕಂಪನಿಯ ಪಾದ್ರಿಯನ್ನು ನಂಬಿದ್ದ.

ತಂಜಾವೂರು ಕೋಟೆಯೊಳಗೆ ಜನ ಹಸಿವಿನಿಂದ ಸಾಯುತ್ತಿದ್ದರು. ಹೊರಗೆ ಭತ್ತ ಇತ್ತು, ಹೊರೋಕೆ ಎತ್ತುಗಳಿರಲಿಲ್ಲ. ಹಿಂದೆ ದುಡ್ಡು ಸಿಗದೆ ಕೈಸುಟ್ಟುಕೊಂಡಿದ್ದ ರೈತರು ಎತ್ತು ಕೊಡಲು ಒಪ್ಪಲಿಲ್ಲ. ಬಾಡಿಗೆಯನ್ನು ನನ್ನ ಕೈಯಾರೆ ಕೊಡ್ತೀನಿ ಅಂತ ಶ್ವಾರ್ಟ್ಸ್ ಹೇಳಿ ಕಳಿಸಿದ. ಎರಡು ದಿನದಲ್ಲಿ ಸಾವಿರಕ್ಕೂ ಹೆಚ್ಚು ಎತ್ತು ಬಂದವು, ಒಟ್ಟು 80,000 ಕಲಂ ಭತ್ತ ಕೋಟೆ ಸೇರಿತು. ಆತ ದುಡ್ಡು ಎಣಿಸಿ ಕೊಟ್ಟ. ಇಲ್ಲಿ ಮಾತು ಕೊಟ್ಟವನೂ ಉಳಿಸಬೇಕಾದವನೂ ಒಬ್ಬನೇ ಆಗಿದ್ದ. ನನಗೆ ಇಡೀ ಕಥೆಯಲ್ಲಿ ಮುಖ್ಯ ಅನಿಸೋದು ಇದು.

ಹೈದರ್ 1782ರ ಡಿಸೆಂಬರ್‌ನಲ್ಲಿ ತೀರಿಕೊಂಡ. ಮರುವರ್ಷ ಕಂಪನಿ ಅದೇ ಪಾದ್ರಿಯನ್ನು ಟಿಪ್ಪುವಿನ ಬಳಿಗೆ ಕಳಿಸಿತು. ಸತ್ಯಮಂಗಲದಲ್ಲೇ ಟಿಪ್ಪುವಿನ ಕಡೆಯವರು ತಡೆದು ವಾಪಸ್ ಕಳಿಸಿದರು. ಅಪ್ಪ ಇಟ್ಟಿದ್ದ ನಂಬಿಕೆ ಮಗನಿಗೆ ಆಸ್ತಿಯಂತೆ ಬರಲಿಲ್ಲ.

ಶ್ವಾರ್ಟ್ಸ್ 1798ರ ಫೆಬ್ರವರಿ 13ರಂದು ತಂಜಾವೂರಲ್ಲಿ ತೀರಿಕೊಂಡ. ಹದಿನೈದು ತಿಂಗಳು ತುಂಬೋದರೊಳಗೆ ಶ್ರೀರಂಗಪಟ್ಟಣದ ಕೋಟೆ ಬಿತ್ತು, ಟಿಪ್ಪು ಸತ್ತ. ಪಾದ್ರಿಯ ಕೈಯಲ್ಲಿ ಬೆಳೆದ ರಾಜ ಸರ್ಫೋಜಿ ಇಂಗ್ಲೆಂಡಿನ ಶಿಲ್ಪಿ ಫ್ಲಾಕ್ಸ್‌ಮನ್‌ನಿಂದ ಒಂದು ಅಮೃತಶಿಲೆಯ ಸ್ಮಾರಕ ಮಾಡಿಸಿ ತಂಜಾವೂರಿನ ಚರ್ಚಿನಲ್ಲಿ ಇಡಿಸಿದ. ಅದರಲ್ಲಿ ಶ್ವಾರ್ಟ್ಸ್ ಹಾಸಿಗೆ ಮೇಲೆ ಸಾಯುತ್ತಾ ಮಲಗಿದ್ದಾನೆ, ಅವನ ಕೈ ರಾಜನ ಕೈಯಲ್ಲಿದೆ.