ತವರಿಗೆ ಮರಳಿದ ಪಾದರಸ

ಚಿಕ್ಕವನಿದ್ದಾಗ ಥರ್ಮಾಮೀಟರ್ ಒಡೆದು, ಪಾದರಸದ ಗುಂಡುಗಳನ್ನು ಅಂಗೈಯಲ್ಲಿ ಉರುಳಿಸಿ ಆಡಿದ್ದೆ. ಅಮ್ಮ ಗುಡಿಸಿ ತಿಪ್ಪೆಗೆ ಹಾಕಿದ್ದಳು. ವಿಷ ಅಂತ ಯಾರಿಗೆ ಗೊತ್ತಿತ್ತು?

ಇದು ನೆನಪಾಗಿದ್ದು ಜಪಾನಿನ ಇತೊಮುಕಾ ಬಗ್ಗೆ ಓದುವಾಗ. ಹೊಕ್ಕೈಡೋ ದ್ವೀಪದ ಈ ಗಣಿಯಲ್ಲಿ ಪಾದರಸ ಹನಿಹನಿಯಾಗೇ ಸಿಗುತ್ತಿತ್ತಂತೆ. ಅತ್ತ ದಕ್ಷಿಣದ ಮಿನಮಾಟದಲ್ಲಿ ಕಾರ್ಖಾನೆಯೊಂದು ಸಮುದ್ರಕ್ಕೆ ಬಿಟ್ಟ ಪಾದರಸದ ಸಂಯುಕ್ತ ಮೀನಿನ ಮೂಲಕ ಜನರ ನರಗಳಿಗೇ ಹೊಕ್ಕಿತು; 1956ರಲ್ಲಿ ರೋಗ ಬಯಲಾಯ್ತು. ಆಮೇಲೆ ಬೇಡಿಕೆ ಕುಸಿದು, 1970ರ ದಶಕದಲ್ಲಿ ಇತೊಮುಕಾ ಗಣಿ ಮುಚ್ಚಿತು.

ಕಥೆ ಮುಗೀತು ಅಂದ್ಕೊಂಡ್ರಾ? ಅದಿರು ಕಾಯಿಸಿ ಆವಿ ತಣಿಸುವ ವಿದ್ಯೆ ಗೊತ್ತಿದ್ದ ಆ ಜಾಗಕ್ಕೇ ಊರೂರಿನ ಮನೆಗಳಿಂದ ಹಳೇ ಬ್ಯಾಟರಿ, ಟ್ಯೂಬ್‌ಲೈಟುಗಳು ಬರತೊಡಗಿದವು. ಅದೇ ವಿದ್ಯೆಯಿಂದ ಅವುಗಳ ಪಾದರಸ ವಾಪಸ್ ತೆಗೆಯುತ್ತಾರೆ. ಅಗೆದು ಕೊಟ್ಟ ಜಾಗವೇ ಹಿಂದಕ್ಕೆ ತಗೊಳ್ಳೋದು!

ನಮ್ಮ ತಿಪ್ಪೆಯಿದ್ದ ಕಡೆ ಈಗ ಅಣ್ಣನ ಮನೆ ಎದ್ದಿದೆ. ಆ ಗುಂಡುಗಳು ಎಲ್ಲಿವೆಯೋ..